ಆಮೆನ್ ಮಾತ್ರ ಒಟ್ಟಿಗೆ ಹೇಳೋಣ

ನಮ್ಮ ಹಾಸ್ಟೆಲ್‌ನ ಎರಡನೇ ಮಹಡಿಯ ಒಂದು ಕೋಣೆಯಲ್ಲಿ ಪ್ರತಿ ಬುಧವಾರ ರಾತ್ರಿ, ಮೆಸ್ ಊಟ ಮುಗಿದ ಮೇಲೆ, ನಾವು ಏಳು ಮಂದಿ ಹುಡುಗಿಯರು ಸೇರುತ್ತೇವೆ. ಒಂದು ಹಾಡು, ಬೈಬಲಿನ ಒಂದು ಭಾಗ, ಅವರವರ ಕಷ್ಟಸುಖ, ಕೊನೆಗೆ ಪ್ರಾರ್ಥನೆ. ಅಷ್ಟೇ. ಏಳು ಮಂದಿಯೂ ಕ್ರೈಸ್ತರು. ಆದರೆ ಆ ಒಂದೇ ಪದದೊಳಗೆ ಎಷ್ಟೊಂದು ಮನೆಗಳಿವೆ ಎಂಬುದು ನನಗೆ ಗೊತ್ತಾದದ್ದು ಈ ಕೋಣೆಯಲ್ಲಿ. ಕಾರವಾರದವಳು, ಚಿಕ್ಕಮಗಳೂರಿನವಳು ಇಬ್ಬರೂ ರೋಮನ್ ಕಥೋಲಿಕರು. ಕರಾವಳಿಯ ನಾನು ಮತ್ತು ಗದಗದ ಗೆಳತಿ ಸಿಎಸ್‌ಐ ಸಭೆಯವರು. ಬೀದರ್‌ನವಳು ಮೆಥೋಡಿಸ್ಟ್, ಕೆಜಿಎಫ್‌ನವಳು ಪೆಂತೆಕೋಸ್ತ್, ನರಸಿಂಹರಾಜಪುರದವಳು ಸಿರಿಯನ್ ಆರ್ಥೊಡಾಕ್ಸ್.

ಮೊದಲ ಬುಧವಾರವೇ ಒಂದು ತಮಾಷೆ ನಡೆಯಿತು. ಕೊನೆಗೆ ಎಲ್ಲರಿಗೂ ಬಾಯಿಪಾಠವಿರುವ, ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಹೇಳತೊಡಗಿದೆವು. ಕೇಡಿನಿಂದ ನಮ್ಮನ್ನು ತಪ್ಪಿಸು ಎಂದು ಕೇಳಿಕೊಳ್ಳುವ ಜಾಗಕ್ಕೆ ಬಂದಾಗ ಕಥೋಲಿಕ ಗೆಳತಿಯರಿಬ್ಬರು ‘ಆಮೆನ್’ ಎಂದು ಕಣ್ಣು ತೆರೆದರು. ಉಳಿದ ಐವರು ರಾಜ್ಯವೂ ಬಲವೂ ಮಹಿಮೆಯೂ ದೇವರದೇ ಎಂಬ ಕೊನೆಯ ಮಾತನ್ನು ಹೇಳುತ್ತಾ ಮುಂದೆ ಹೋದೆವು. ಅವರ ಪೂಜೆಯಲ್ಲಿ ಆ ಮಾತು ಈ ಪ್ರಾರ್ಥನೆಗೆ ಅಂಟಿಕೊಂಡು ಬರುವುದಿಲ್ಲ; ನಡುವೆ ಗುರುಗಳ ಇನ್ನೊಂದು ಪ್ರಾರ್ಥನೆ ಇರುತ್ತದೆ. ನಮ್ಮ ಸಭೆಗಳಲ್ಲಿ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಅಂದು ಎಲ್ಲರೂ ನಕ್ಕೆವು.

ಕೆಲವು ತಿಂಗಳ ನಂತರ ಆ ನಗು ಉಳಿಯಲಿಲ್ಲ. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ಒಂದು ಹಂತದಲ್ಲಿ ಆ ಕೊನೆಯ ಮಾತನ್ನು ನಾವು ಐವರು ಬೇಕೆಂದೇ ಸ್ವಲ್ಪ ಜೋರಾಗಿ ಹೇಳುತ್ತಿದ್ದೆವು. ದೇವರ ಮಹಿಮೆಯನ್ನು ಸಾರುವ ಮಾತನ್ನು ನಮ್ಮ ಗೆಳತಿಯರನ್ನು ಚುಚ್ಚಲು ಬಳಸುತ್ತಿದ್ದೆವು.

ನಾನು ಈ ಲೇಖನ ಬರೆಯುತ್ತಿರುವುದು ಆ ತಿಂಗಳುಗಳಲ್ಲಿ ನಮ್ಮ ನಡುವಿನ ಒಬ್ಬಳಿಗೆ ಏನಾಯಿತು ಎಂಬುದಕ್ಕಾಗಿ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾಳೆ.

ಗಾಯವನ್ನು ಚರ್ಚೆಯ ವಿಷಯ ಮಾಡಿದೆವು

ಬೀದರ್‌ನ ಹುಡುಗಿ ನನಗಿಂತ ಒಂದು ವರ್ಷ ಚಿಕ್ಕವಳು. ಊರಿನಲ್ಲಿ ಮಳೆ ನಂಬಿದ ನಾಲ್ಕು ಎಕರೆ ಜಮೀನು, ಬ್ಯಾಂಕಿನಲ್ಲಿ ಓದಿನ ಸಾಲ. ಹೋದ ವರ್ಷ ಮೊದಲ ಸೆಮಿಸ್ಟರ್ ಫಲಿತಾಂಶ ಬಂದಾಗ ಗಣಿತವೂ ಸೇರಿ ಮೂರು ವಿಷಯಗಳಲ್ಲಿ ಅವಳು ಫೇಲಾಗಿದ್ದಳು. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿಯವರೆಗೂ ಶಾಲೆಗೆ ಮೊದಲಿಗಳಾಗಿ ಬಂದವಳು ಅವಳು. ಮುಂದಿನ ಬುಧವಾರ ಬಂದಾಗ ಬಹಳ ಸಣ್ಣ ದನಿಯಲ್ಲಿ ಒಂದು ಪ್ರಶ್ನೆ ಕೇಳಿದಳು: ‘ಅಕ್ಕ, ನಾ ಎಷ್ಟ್ ಪ್ರಾರ್ಥನೆ ಮಾಡಿದ್ರೂ ಗೋಡೆಗೆ ಹೇಳ್ದಂಗ ಅನಸ್ತದ. ನಾ ಕೂಸಿದ್ದಾಗ ಕೊಟ್ಟ ದೀಕ್ಷಾಸ್ನಾನ ಸರಿ ಇಲ್ಲೇನೋ?’

ಕ್ರೈಸ್ತರಲ್ಲದ ಓದುಗರಿಗೆ ಒಂದು ಮಾತು. ದೀಕ್ಷಾಸ್ನಾನ ಎಂದರೆ ನೀರಿನ ಮೂಲಕ ವಿಶ್ವಾಸಿಗಳ ಬಳಗಕ್ಕೆ ಸೇರಿಸಿಕೊಳ್ಳುವ ಸಂಸ್ಕಾರ. ಕಥೋಲಿಕ, ಸಿಎಸ್‌ಐ, ಮೆಥೋಡಿಸ್ಟ್, ಸಿರಿಯನ್ ಸಭೆಗಳಲ್ಲಿ ಅದನ್ನು ಮಕ್ಕಳಿಗೂ ಕೊಡುತ್ತಾರೆ. ಪೆಂತೆಕೋಸ್ತ್ ಸಭೆಗಳಲ್ಲಿ ತಿಳಿವಳಿಕೆ ಬಂದ ಮೇಲೆ, ಸ್ವಂತ ಒಪ್ಪಿಗೆಯಿಂದ, ನೀರಿನಲ್ಲಿ ಪೂರ್ತಿ ಮುಳುಗಿಸಿ ಕೊಡುತ್ತಾರೆ. ಈ ವಾದ ಹೊಸದಲ್ಲ. ಯೂರೋಪಿನಲ್ಲಿ 16ನೇ ಶತಮಾನದಲ್ಲಿ ಇದೇ ಕಾರಣಕ್ಕೆ ಜನರನ್ನು ನದಿಯಲ್ಲಿ ಮುಳುಗಿಸಿ ಕೊಂದದ್ದೂ ಇದೆ.

ಅವಳ ಪ್ರಶ್ನೆಗೆ ಕೆಜಿಎಫ್ ಗೆಳತಿ ತನಗೆ ಕಲಿಸಿದ್ದನ್ನು ಪ್ರಾಮಾಣಿಕವಾಗಿಯೇ ಹೇಳಿದಳು: ಮತ್ತೆ ತೆಗೆದುಕೊಳ್ಳುವುದು ಒಳ್ಳೆಯದು. ನಾನು ತಕ್ಷಣ ಎದುರು ವಾದ ಹೂಡಿದೆ. ಕಥೋಲಿಕ ಗೆಳತಿ ನನ್ನ ಪರ ವಹಿಸಿದಳು. ಮಾತು ದೀಕ್ಷಾಸ್ನಾನದಿಂದ ಮರಿಯಮ್ಮನವರ ಜಪಮಾಲೆಗೆ ಹೋಯಿತು. ಆಗ ನನ್ನ ಪರವಿದ್ದವಳೇ ನನಗೆ ಎದುರಾದಳು. ಮರುವಾರ ಎಲ್ಲರೂ ಮೊಬೈಲಿನಲ್ಲಿ ವಚನಗಳನ್ನು ಹುಡುಕಿಟ್ಟುಕೊಂಡೇ ಬಂದೆವು. ಮೂರನೇ ವಾರ ವಾಟ್ಸ್‌ಆ್ಯಪ್ ಗುಂಪು ಎರಡಾಯಿತು. ಒಂದು ಬುಧವಾರಕ್ಕೆ, ಇನ್ನೊಂದು ಶುಕ್ರವಾರಕ್ಕೆ. ಬೀದರ್‌ನ ಹುಡುಗಿಯನ್ನು ಎರಡೂ ಗುಂಪಿಗೆ ಸೇರಿಸಿದ್ದೆವು. ಬುಧವಾರದವರು ಅವಳು ಶುಕ್ರವಾರ ಹೋಗುತ್ತಾಳೆ ಎಂದುಕೊಂಡೆವು. ಶುಕ್ರವಾರದವರು ಬುಧವಾರ ಹೋಗುತ್ತಾಳೆ ಎಂದುಕೊಂಡರು.

ಅವಳು ಎರಡಕ್ಕೂ ಹೋಗುತ್ತಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮ ಕೋಣೆಯಲ್ಲೇ ನಿಜವಾಗಿತ್ತು.

ಇದನ್ನು ನಮಗೆ ತಿಳಿಸಿದ್ದು ನಮ್ಮ ಏಳು ಮಂದಿಯಲ್ಲಿ ಯಾರೂ ಅಲ್ಲ. ಅವಳ ರೂಮ್‌ಮೇಟ್, ವಿಜಯಪುರದ ಕಡೆಯ, ದಿನವೂ ವಿಭೂತಿ ಹಚ್ಚಿಕೊಂಡು ಕ್ಲಾಸಿಗೆ ಹೋಗುವ ಹುಡುಗಿ, ಒಂದು ಸಂಜೆ ನನ್ನ ಬಾಗಿಲು ತಟ್ಟಿದಳು. ‘ಅಕ್ಕಾರ, ಆಕಿ ಮೂರು ದಿನದಿಂದ ಊಟಕ್ಕ ಬಂದಿಲ್ಲ. ರಾತ್ರಿ ಮಲಗೂದೂ ಇಲ್ಲ. ನಿಮ್ಮ ಪ್ರಾರ್ಥನಾ ಗುಂಪಿನಾಕಿ ಅಲ್ಲೇನ್ರಿ? ನಿಮಗ ಗೊತ್ತೇ ಇಲ್ಲ?’

ನಾನು ಮತ್ತು ಕಾರವಾರದ ಗೆಳತಿ ಓಡಿದೆವು. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಮ್ಮನ್ನು ನೋಡಿ ಕೇಳಿದ ಮೊದಲ ಮಾತು ನನಗೆ ಇನ್ನೂ ಕಿವಿಯಲ್ಲಿದೆ: ‘ಅಕ್ಕ, ನೀವು ಯಾವ ಗುಂಪಿನಿಂದ ಬಂದೀರಿ?’

ಹೋರಾಟ ಯಾರ ವಿರುದ್ಧ?

‘ಆತ್ಮಿಕ ಹೋರಾಟ’ ಎಂಬ ಮಾತನ್ನು ಚರ್ಚುಗಳಲ್ಲಿ ಬಹಳ ಕೇಳುತ್ತೇವೆ. ಕೇಳಿದವರಿಗೆ ದೆವ್ವ, ಭೂತ, ಸಿನಿಮಾದ ದೃಶ್ಯಗಳು ನೆನಪಾಗಬಹುದು. ನನ್ನ ಪ್ರಾಯದವರ ಮಟ್ಟಿಗೆ ಅದು ಹೆಚ್ಚಾಗಿ ನಡೆಯುವುದು ರಾತ್ರಿ ಎರಡು ಗಂಟೆಗೆ, ಹಾಸಿಗೆಯ ಮೇಲೆ, ಮೊಬೈಲಿನ ಬೆಳಕಿನಲ್ಲಿ. ನಾನು ಯಾರಿಗೂ ಬೇಡ, ದೇವರಿಗೂ ಬೇಡ ಎಂಬ ಯೋಚನೆ. ಬಿಡಬೇಕೆಂದರೂ ಬಿಡಲಾಗದ ಒಂದು ಚಟ. ಕ್ಷಮಿಸಬೇಕೆಂದರೂ ಕ್ಷಮಿಸಲಾಗದ ಒಬ್ಬ ಮನುಷ್ಯ. ಚಿಕ್ಕಂದಿನಿಂದ ನಂಬಿದ್ದೆಲ್ಲ ಒಂದು ದಿನ ಪೊಳ್ಳು ಎನ್ನಿಸುವುದು. ಇದನ್ನು ಯಾರ ಬಳಿಯೂ ಹೇಳುವ ಹಾಗಿಲ್ಲ. ಹೇಳಿದರೆ ‘ವಿಶ್ವಾಸ ಕಡಿಮೆಯಾಗಿದೆ’ ಎಂಬ ತೀರ್ಪು ಕಾದಿರುತ್ತದೆ.

ಈ ಹೋರಾಟದ ಮೊದಲ ಪೆಟ್ಟು ಮನುಷ್ಯನನ್ನು ಒಂಟಿ ಮಾಡುವುದು. ಬೈಬಲಿನ ಪ್ರವಾದಿ ಎಲೀಯನ ಕಥೆ ನೋಡಿ. ದೊಡ್ಡ ಗೆಲುವಿನ ಮರುದಿನವೇ ಹೆದರಿ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು ಸಾವು ಬೇಡುತ್ತಾನೆ. ಆಗ ದೇವದೂತ ಬಂದು ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಏಳು, ಊಟ ಮಾಡು ಎನ್ನುತ್ತಾನೆ. ಎಲೀಯ ಉಂಡು ಮತ್ತೆ ಮಲಗುತ್ತಾನೆ. ಆಮೇಲೆ ದೇವರೊಡನೆ ಮಾತನಾಡುವಾಗ ಅವನ ದೂರು ಒಂದೇ: ನಾನೊಬ್ಬನೇ ಉಳಿದಿದ್ದೇನೆ. ದೇವರು ಆ ಲೆಕ್ಕವನ್ನು ತಿದ್ದುತ್ತಾರೆ. ಅವನಂಥವರು ಇನ್ನೂ 7,000 ಮಂದಿ ಇದ್ದಾರೆ ಎನ್ನುತ್ತಾರೆ.

ನಮ್ಮ ಬೀದರ್‌ನ ಹುಡುಗಿಗೆ 7,000 ಮಂದಿ ಬೇಕಿರಲಿಲ್ಲ. ಆರು ಮಂದಿ ಸಾಕಿತ್ತು. ಆ ಆರು ಮಂದಿ ಅದೇ ಕಟ್ಟಡದಲ್ಲಿ ಇದ್ದೆವು. ಯಾರದ್ದು ಸರಿ ಎಂದು ತೀರ್ಮಾನಿಸುವುದರಲ್ಲಿ ಮುಳುಗಿದ್ದೆವು.

ಅಜ್ಜಿಯ ಸತ್ಯವೇದ ಕಲಿಸಿದ್ದು

ಎಫೆಸದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲ ಈ ಹೋರಾಟವನ್ನು ಸೈನಿಕನ ವೇಷಕ್ಕೆ ಹೋಲಿಸುತ್ತಾನೆ. ಸತ್ಯದ ನಡುಕಟ್ಟು, ನೀತಿಯ ವಜ್ರಕವಚ, ವಿಶ್ವಾಸದ ಗುರಾಣಿ. ಭಾನುವಾರದ ಶಾಲೆಯಲ್ಲಿ ರಟ್ಟಿನ ಗುರಾಣಿ ಮಾಡಿ ಈ ಪಾಠ ಕಲಿತವಳು ನಾನು. ಯಾವಾಗಲೂ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಒಬ್ಬನೇ ವೀರ, ಒಂಟಿಯಾಗಿ ನಿಂತವನು. ಇಂಗ್ಲಿಷ್ ಬೈಬಲ್ ಆ್ಯಪ್‌ನಲ್ಲಿ ಓದಿದಾಗಲೂ ಹಾಗೆಯೇ ಅನಿಸುತ್ತಿತ್ತು. ಇಂಗ್ಲಿಷಿನ ‘ಯೂ’ ಒಬ್ಬರಿಗೂ ಸಲ್ಲುತ್ತದೆ, ಹತ್ತು ಮಂದಿಗೂ ಸಲ್ಲುತ್ತದೆ.

ರಜೆಯಲ್ಲಿ ಮನೆಗೆ ಹೋದಾಗ ಅಜ್ಜಿಯ ಹಳೆಯ ಕನ್ನಡ ಸತ್ಯವೇದದಲ್ಲಿ ಅದೇ ಭಾಗ ಓದಿದೆ. ಕನ್ನಡದಲ್ಲಿ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ಅಲ್ಲಿ ‘ಧರಿಸಿಕೋ’ ಎಂದಿಲ್ಲ, ‘ನಿಲ್ಲು’ ಎಂದಿಲ್ಲ. ಉದ್ದಕ್ಕೂ ‘ಇರಿ’ ಪ್ರತ್ಯಯ. ಮೂಲ ಗ್ರೀಕಿನಲ್ಲೂ ಬಹುವಚನವೇ. ಪೌಲ ಒಬ್ಬ ವೀರನಿಗೆ ಬರೆಯುತ್ತಿಲ್ಲ, ಒಂದು ಊರಿನ ಇಡೀ ಸಭೆಗೆ ಬರೆಯುತ್ತಿದ್ದಾನೆ. ಗುರಾಣಿಗೆ ಅವನು ಬಳಸಿದ ಗ್ರೀಕ್ ಪದಕ್ಕೂ ಬಾಗಿಲು ಎಂಬ ಪದಕ್ಕೂ ಒಂದೇ ಮೂಲ. ರೋಮನ್ ಸೈನಿಕರ ಆ ಗುರಾಣಿ ಬಾಗಿಲಿನ ಹಾಗೆ ಉದ್ದವಾಗಿರುತ್ತಿತ್ತು. ಬಾಣಗಳು ಬರುವಾಗ ಸೈನಿಕರು ಒತ್ತೊತ್ತಾಗಿ ನಿಂತು, ಗುರಾಣಿಗೆ ಗುರಾಣಿ ಜೋಡಿಸಿ, ಮುಂದೆಯೂ ತಲೆಯ ಮೇಲೂ ಹಿಡಿದು ಆಮೆಯ ಚಿಪ್ಪಿನಂತೆ ಮಾಡಿಕೊಳ್ಳುತ್ತಿದ್ದರು. ಆ ಸಾಲಿನಲ್ಲಿ ನನ್ನ ಗುರಾಣಿ ನನ್ನನ್ನು ಮಾತ್ರವಲ್ಲ, ಪಕ್ಕದವಳನ್ನೂ ಕಾಯುತ್ತದೆ. ನಾನು ಸಿಟ್ಟು ಮಾಡಿಕೊಂಡು ಸಾಲು ಬಿಟ್ಟು ಹೋದರೆ ಬಾಣ ತಾಗುವುದು ನನಗಲ್ಲದೆ ಇರಬಹುದು, ಅವಳಿಗೆ.

ಅದೇ ಅಧ್ಯಾಯದಲ್ಲಿ ಪೌಲ ಇನ್ನೊಂದು ಮಾತು ಸ್ಪಷ್ಟವಾಗಿ ಹೇಳುತ್ತಾನೆ: ನಮ್ಮ ಹೋರಾಟ ರಕ್ತಮಾಂಸದ ಮನುಷ್ಯರ ಮೇಲಲ್ಲ. ಇದನ್ನು ಒತ್ತಿ ಹೇಳಬೇಕಾದ ಕಾಲ ಇದು. ಒಗ್ಗಟ್ಟು ಎಂದ ಕೂಡಲೇ ಇನ್ನೊಬ್ಬರ ವಿರುದ್ಧ ಒಗ್ಗಟ್ಟು ಎಂದು ತಿಳಿಯುವ ಅಭ್ಯಾಸ ಎಲ್ಲ ಕಡೆ ಬಂದುಬಿಟ್ಟಿದೆ. ನಾನು ಕೇಳುತ್ತಿರುವುದು ಅಂಥ ಒಗ್ಗಟ್ಟಲ್ಲ. ನಮ್ಮ ಹುಡುಗಿಯನ್ನು ಮೊದಲು ಗಮನಿಸಿದವಳು ವಿಭೂತಿ ಹಚ್ಚಿದ ಗೆಳತಿ. ಅವಳು ನಮ್ಮ ಹೋರಾಟದಲ್ಲಿ ನಮ್ಮ ಪಕ್ಕದಲ್ಲೇ ನಿಂತಿದ್ದಳು. ನಾವೇ ಸಾಲು ಬಿಟ್ಟಿದ್ದೆವು.

ನಾಲ್ವರು ಹೊತ್ತು ತಂದ ಮಂಚ

ಮಾರ್ಕನ ಸುವಾರ್ತೆಯಲ್ಲಿ ಒಂದು ಪ್ರಸಂಗವಿದೆ. ಕಪೆರ್ನೌಮ್ ಎಂಬ ಊರಿನಲ್ಲಿ ಯೇಸು ಇದ್ದ ಮನೆಯ ಮುಂದೆ ಜನ ಕಿಕ್ಕಿರಿದಿದ್ದಾರೆ. ಪಾರ್ಶ್ವವಾಯು ಬಡಿದ ಒಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿಯಿಲ್ಲ. ಮಾಡು ಹತ್ತಿ, ಅದನ್ನು ಬಿಚ್ಚಿ, ಹಾಸಿಗೆ ಸಮೇತ ಅವನನ್ನು ಕೆಳಗಿಳಿಸುತ್ತಾರೆ. ಯೇಸು ‘ಅವರ’ ವಿಶ್ವಾಸವನ್ನು ನೋಡಿ ರೋಗಿಯೊಡನೆ ಮಾತನಾಡಿದರು ಎಂದು ಅಲ್ಲಿ ಬರೆದಿದೆ. ಮಲಗಿದ್ದವನು ಒಂದು ಮಾತೂ ಆಡಿದಂತಿಲ್ಲ. ಅವನಲ್ಲಿ ಆ ಹೊತ್ತಿಗೆ ವಿಶ್ವಾಸ ಇತ್ತೋ ಇಲ್ಲವೋ. ಹೊತ್ತವರಲ್ಲಿ ಇತ್ತು.

ನನಗೆ ಐಕ್ಯ ಎಂಬುದರ ಅರ್ಥ ಇಲ್ಲಿ ಸಿಗುತ್ತದೆ. ಒಬ್ಬರ ನಂಬಿಕೆ ಸೋತಾಗ ಉಳಿದವರು ಸ್ವಲ್ಪ ಕಾಲ ಅವರ ಪರವಾಗಿ ನಂಬುವುದು. ಆದರೆ ಮಂಚದ ನಾಲ್ಕು ಮೂಲೆ ಹಿಡಿದ ನಾಲ್ವರು ನಾಲ್ಕು ದಿಕ್ಕಿಗೆ ಎಳೆದರೆ ಮಲಗಿದವನ ಗತಿ? ಮಾಡಿನ ಮೇಲೆ ಹತ್ತಿದ ಮೇಲೆ ‘ನಮ್ಮ ಸಭೆಯಲ್ಲಿ ಹಗ್ಗ ಹೀಗೆ ಬಿಗಿಯುವುದಿಲ್ಲ’ ಎಂದು ವಾದಿಸಿದರೆ?

ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್ ಇದನ್ನು ಕಷ್ಟದ ಕಾಲದಲ್ಲಿ ಮಾಡಿ ತೋರಿಸಿದವರು. ಹಿಟ್ಲರನ ಆಳ್ವಿಕೆಗೆ ತಲೆಬಾಗದ ಚರ್ಚುಗಳಿಗಾಗಿ ಅವರು 1935ರಿಂದ ಒಂದು ಪುಟ್ಟ ಗುರುವಿದ್ಯಾಲಯ ನಡೆಸಿದರು. 1937ರಲ್ಲಿ ಗೆಸ್ಟಪೊ ಪೊಲೀಸರು ಅದನ್ನು ಮುಚ್ಚಿಸಿದರು. ಅಲ್ಲಿ ವಿದ್ಯಾರ್ಥಿಗಳು ಒಟ್ಟಿಗೆ ಉಣ್ಣುತ್ತಿದ್ದರು, ಪ್ರಾರ್ಥಿಸುತ್ತಿದ್ದರು. ಅದರ ಜೊತೆಗೆ ತಮ್ಮ ತಪ್ಪುಗಳನ್ನು ಇನ್ನೊಬ್ಬ ಸಹೋದರನ ಮುಂದೆ ಹೇಳಿಕೊಳ್ಳುವ ಅಭ್ಯಾಸವನ್ನೂ ಅವರು ತಂದರು. ಪ್ರೊಟೆಸ್ಟೆಂಟರಲ್ಲಿ ಅನೇಕರು ‘ಅದು ಕಥೋಲಿಕರ ಪದ್ಧತಿ’ ಎಂದು ದೂರವಿಟ್ಟಿದ್ದ ಅಭ್ಯಾಸ ಅದು. ಮುಚ್ಚಿಟ್ಟುಕೊಂಡ ತಪ್ಪು ಮನುಷ್ಯನನ್ನು ಒಂಟಿ ಮಾಡಿ ತಿನ್ನುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ಬದುಕಿನ ಬಗ್ಗೆ ಅವರು ಬರೆದ ಪುಟ್ಟ ಪುಸ್ತಕ 1939ರಲ್ಲಿ ಬಂತು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಆಗ ಅವರಿಗೆ 39 ವರ್ಷ.

ಹಾಗಾದರೆ ಸತ್ಯಕ್ಕೆ ಬೆಲೆ ಇಲ್ಲವೇ?

ಇದನ್ನು ಓದಿ ಕೆಲವರು ಕೇಳಬಹುದು: ಭೇದಗಳೆಲ್ಲ ಸುಮ್ಮನೆಯೇ? ಸತ್ಯವನ್ನು ಬದಿಗಿಟ್ಟು ಕೈ ಕೈ ಹಿಡಿದು ಹಾಡಿದರೆ ಅದು ಐಕ್ಯವೇ? ಇದು ನ್ಯಾಯವಾದ ಪ್ರಶ್ನೆ. ಕೆಜಿಎಫ್ ಗೆಳತಿ ತನ್ನ ಸಭೆಯ ಬೋಧನೆಯನ್ನು ಬಿಟ್ಟುಕೊಟ್ಟು ನನ್ನನ್ನು ಮೆಚ್ಚಿಸಿದ್ದರೆ ಅದು ಸ್ನೇಹವಾಗುತ್ತಿರಲಿಲ್ಲ, ಸೋಗಾಗುತ್ತಿತ್ತು.

ಉತ್ತರಕ್ಕೆ ನಾನು ನಮ್ಮ ಸಭೆಯ ಚರಿತ್ರೆಯನ್ನೇ ನೋಡುತ್ತೇನೆ. 1919ರ ಮೇ ತಿಂಗಳಲ್ಲಿ ತಮಿಳುನಾಡಿನ ಕಡಲ ತೀರದ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಪಾದ್ರಿಗಳು ಸೇರಿದರು. ಬಹುತೇಕ ಎಲ್ಲರೂ ಭಾರತೀಯರೇ. ಅವರಲ್ಲಿ ಮುಖ್ಯರಾದವರು ವಿ.ಎಸ್. ಅಜರಯ್ಯ, 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದವರು. ಪಶ್ಚಿಮದ ದೇಶಗಳಲ್ಲಿ ಹುಟ್ಟಿದ ಒಡಕುಗಳನ್ನು ನಾವು ಇಲ್ಲಿ ಯಾಕೆ ಹೊರಬೇಕು ಎಂಬುದು ಅವರ ಪ್ರಶ್ನೆ. ಆದರೆ ಅವರು ಭೇದಗಳನ್ನು ಚಾಪೆಯಡಿ ತಳ್ಳಲಿಲ್ಲ. ಬಿಷಪ್ ಬೇಕೇ ಬೇಡವೇ, ಬಿಷಪ್ ಕೈಯಿಟ್ಟು ಅಭಿಷೇಕಿಸದ ಪಾದ್ರಿಯನ್ನು ಒಪ್ಪಬಹುದೇ ಎಂಬ ಕಠಿಣ ಪ್ರಶ್ನೆಗಳನ್ನು 28 ವರ್ಷ ಮಾತನಾಡಿದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್ ಮತ್ತು ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಹಿನ್ನೆಲೆಯ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. ಮುಂದೆ ಅಭಿಷೇಕಗಳೆಲ್ಲ ಬಿಷಪ್ ಕೈಯಿಂದಲೇ ಎಂದು ಒಪ್ಪಿದರು. ಆದರೆ ಆಗಲೇ ಇದ್ದ ಪಾದ್ರಿಗಳಿಗೆ ಮತ್ತೆ ಅಭಿಷೇಕ ಮಾಡಿಸಿಕೊಳ್ಳಿ ಎನ್ನಲಿಲ್ಲ. ಯಾವ ಸ್ಥಳೀಯ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನು ಹೇರುವುದಿಲ್ಲ ಎಂದು ಮಾತು ಕೊಟ್ಟರು. ದೇಶ ಎರಡು ಹೋಳಾಗಿ ಆರು ವಾರವಷ್ಟೇ ಆಗಿತ್ತು. ಅಂಥ ಹೊತ್ತಿನಲ್ಲಿ ಒಡೆದವರು ಕೂಡಿದರು. ಅಜರಯ್ಯ ಅದನ್ನು ನೋಡಲಿಲ್ಲ. 1945ರಲ್ಲೇ ತೀರಿಕೊಂಡಿದ್ದರು.

ನನಗೆ ಇದರಲ್ಲಿ ಕಂಡ ಪಾಠ ಇಷ್ಟು: ಸತ್ಯದ ಬಗ್ಗೆ ಮಾತನಾಡಲು 28 ವರ್ಷ ಬೇಕಾದರೂ ಆಗಬಹುದು. ಆದರೆ ಬಿದ್ದವಳನ್ನು ಎತ್ತಲು ಆ ಮಾತು ಮುಗಿಯುವವರೆಗೆ ಕಾಯಬಾರದು.

ಐಕ್ಯ ಎಂದರೆ ಎಲ್ಲರೂ ಒಂದೇ ಆಗುವುದೂ ಅಲ್ಲ. ಸಿವಿಲ್ ಎಂಜಿನಿಯರಿಂಗ್ ಓದುವ ನನಗೆ ಇದನ್ನು ಅರ್ಥ ಮಾಡಿಸಿದ್ದು ನಮ್ಮ ಮನೆಯ ಮಾಡು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನನ್ನ ಅಜ್ಜಿಯ ತಂದೆ ಅಂಥದೊಂದು ಕಾರ್ಖಾನೆಯಲ್ಲೇ ದುಡಿದವರು. ಮಂಗಳೂರು ಹೆಂಚಿನ ಅಂಚಿನಲ್ಲಿ ಗಾಡಿಗಳಿರುತ್ತವೆ. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುತ್ತದೆ. ರೀಪಿನ ಮೇಲೆ ಹೊದಿಸಿದ ಹೆಂಚುಗಳ ನಡುವೆ ಸಿಮೆಂಟ್ ಹಾಕುವುದಿಲ್ಲ. ಯಾವುದನ್ನಾದರೂ ಎತ್ತಿ ತೆಗೆಯಬಹುದು, ಹೊಸದು ಇಡಬಹುದು. ಪ್ರತಿಯೊಂದೂ ಬೇರೆ ಬೇರೆಯೇ. ಆದರೂ ಆಟಿ ತಿಂಗಳ ಮಳೆ ಒಳಗೆ ಬರುವುದಿಲ್ಲ, ಒಂದರ ಅಂಚು ಇನ್ನೊಂದರ ಮೇಲೆ ಇರುವವರೆಗೆ. ಒಂದು ಹೆಂಚು ಸ್ವಲ್ಪ ಜಾರಿದರೆ ಸಾಕು, ಸೋರುವುದು ಅದರ ಕೆಳಗೆ ಮಲಗಿದವರ ಮೇಲೆ. ಆ ಹೆಂಚುಗಳು ಪ್ರೊಟೆಸ್ಟೆಂಟರ ಮನೆಗಳನ್ನು ಮಾತ್ರ ಕಾಯಲಿಲ್ಲ. ಕರಾವಳಿಯಲ್ಲಿ ಇಗರ್ಜಿ, ದೇವಸ್ಥಾನ, ಮಸೀದಿ, ಶಾಲೆ ಎಲ್ಲದರ ಮೇಲೂ ಅದೇ ಕೆಂಪು.

ಈಗ ನಾವು ಏನು ಮಾಡುತ್ತಿದ್ದೇವೆ

ಆ ಸಂಜೆ ನಾವು ಅವಳಿಗೆ ಯಾವ ವಚನವನ್ನೂ ಓದಿ ಹೇಳಲಿಲ್ಲ. ಶುಕ್ರವಾರದ ಗುಂಪಿನವರಿಗೂ ಫೋನ್ ಮಾಡಿದೆವು. ಹತ್ತು ನಿಮಿಷದಲ್ಲಿ ಆರೂ ಮಂದಿ ಆ ಸಣ್ಣ ಕೋಣೆಯಲ್ಲಿದ್ದೆವು. ಗದಗದವಳು ಮೆಸ್‌ನಿಂದ ಅನ್ನ ಸಾರು ತಂದಳು. ಕೆಜಿಎಫ್‌ನವಳು ಅವಳ ಕಾಲ ಬಳಿ ಕುಳಿತು, ‘ಕ್ಷಮಿಸು, ನೀನು ಕೇಳಿದ್ದು ಅದಲ್ಲ’ ಎಂದು ಅತ್ತಳು. ನಾನೂ ಅದನ್ನೇ ಹೇಳಬೇಕಿತ್ತು. ಅವಳು ನನಗಿಂತ ಮೊದಲು ಹೇಳಿದಳು.

ಮರುದಿನ ಅವಳನ್ನು ಕಾಲೇಜಿನ ಕೌನ್ಸೆಲರ್ ಬಳಿಗೆ ಕರೆದುಕೊಂಡು ಹೋದೆವು. ಇದನ್ನು ನಮ್ಮ ಚರ್ಚಿನ ಹಿರಿಯರಿಗೂ ಹೇಳಬಯಸುತ್ತೇನೆ: ನಿದ್ರೆಯಿಲ್ಲದ, ಊಟ ಬಿಟ್ಟ ಮಗುವಿಗೆ ‘ಇನ್ನೂ ಹೆಚ್ಚು ಪ್ರಾರ್ಥನೆ ಮಾಡು’ ಎಂದರೆ ಸಾಲದು. ಪ್ರಾರ್ಥನೆಯೂ ಬೇಕು, ವೈದ್ಯರೂ ಬೇಕು. ಸುವಾರ್ತೆಗಳಲ್ಲಿ ಒಂದನ್ನು ಬರೆದ ಲೂಕ ಸ್ವತಃ ವೈದ್ಯ ಎಂಬುದನ್ನು ಮರೆಯಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಎರಡು ಗುಂಪು ಮತ್ತೆ ಒಂದಾಯಿತು. ನಾವೇ ಕೆಲವು ನಿಯಮ ಮಾಡಿಕೊಂಡೆವು. ಬೇರೆ ಹಾಸ್ಟೆಲ್‌ಗಳ, ಯುವಕ ಸಂಘಗಳ ಗೆಳೆಯರಿಗೂ ಪ್ರಯೋಜನವಾದೀತು.

ಮೊದಲನೆಯದು, ಹಾಡಿಗೂ ಮುಂಚೆ ಹಾಜರಿ. ಯಾರು ಬಂದಿಲ್ಲ, ಯಾಕೆ ಬಂದಿಲ್ಲ. ಬಾರದವಳ ಬಾಗಿಲು ಅದೇ ರಾತ್ರಿ ಒಬ್ಬರು ತಟ್ಟಬೇಕು.

ಎರಡನೆಯದು, ಕೋಣೆಯಲ್ಲಿ ಹೇಳಿದ್ದು ಕೋಣೆಯಲ್ಲೇ ಉಳಿಯಬೇಕು. ‘ಪ್ರಾರ್ಥನೆಗಾಗಿ ಹೇಳುತ್ತಿದ್ದೇನೆ’ ಎಂಬ ನೆಪದಲ್ಲಿ ಒಬ್ಬರ ಗುಟ್ಟು ಹತ್ತು ಮಂದಿಗೆ ಹರಡುವ ರೋಗ ನಮ್ಮ ಎಲ್ಲ ಸಭೆಗಳಲ್ಲೂ ಇದೆ. ಈ ಒಂದು ವಿಷಯದಲ್ಲಿ ನಮ್ಮ ಐಕ್ಯ ಪೂರ್ಣವಾಗಿದೆ ಎಂದು ನಗುತ್ತೇವೆ.

ಮೂರನೆಯದು, ವಾದ ಮಾಡಬಹುದು, ಆದರೆ ಶನಿವಾರ, ಕ್ಯಾಂಟೀನಿನಲ್ಲಿ, ಚಹಾ ಜೊತೆ. ಮೊದಲು ಎದುರಿನವಳ ಮಾತನ್ನು ಅವಳು ಒಪ್ಪುವ ಹಾಗೆ ನಾವೇ ಹೇಳಿ ತೋರಿಸಬೇಕು. ಆಮೇಲೆ ಉತ್ತರ. ದೀಕ್ಷಾಸ್ನಾನದ ವಾದ ಇನ್ನೂ ಮುಗಿದಿಲ್ಲ. ಮುಗಿಯುವ ಲಕ್ಷಣವೂ ಇಲ್ಲ. ಚಹಾದ ಬಿಲ್ ಮಾತ್ರ ಏರುತ್ತಿದೆ.

ನಾಲ್ಕನೆಯದು, ಯಾರಾದರೂ ನೋವಿನಿಂದ ಕೇಳಿದ ಪ್ರಶ್ನೆಯನ್ನು ವಾದಕ್ಕೆ ಎತ್ತಿಕೊಳ್ಳಬಾರದು. ಪ್ರಶ್ನೆಯ ಹಿಂದೆ ಕುಳಿತ ಮನುಷ್ಯಳನ್ನು ಮೊದಲು ನೋಡಬೇಕು.

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಜಗತ್ತಿನ ಹಲವು ಕಡೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನಾ ವಾರ ನಡೆಯುತ್ತದೆ. 1908ರಲ್ಲಿ ಶುರುವಾದ ಪದ್ಧತಿ. ಬಿಷಪರು, ಪಾಸ್ಟರುಗಳು ಒಂದೇ ವೇದಿಕೆಯಲ್ಲಿ ಕೂರುತ್ತಾರೆ, ಫೋಟೊ ಬರುತ್ತದೆ. ಒಳ್ಳೆಯದೇ. ಆದರೆ ಉಳಿದ 51 ವಾರ? ಹಿರಿಯರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ನಿಮ್ಮ ಯುವಜನರಿಗೆ ಪಕ್ಕದ ಸಭೆಯವರ ತಪ್ಪುಗಳನ್ನು ಕಲಿಸುವ ಮೊದಲು, ಪಕ್ಕದ ಸಭೆಯವರ ಹೆಸರುಗಳನ್ನು ಕಲಿಸಿ. ನಾವು ಊರು ಬಿಟ್ಟು ಹಾಸ್ಟೆಲ್‌ಗೆ, ಪಿ.ಜಿ.ಗೆ, ದೂರದ ನಗರಕ್ಕೆ ಹೋದಾಗ ರಾತ್ರಿ ಎರಡು ಗಂಟೆಗೆ ನಮ್ಮ ಬಾಗಿಲು ತಟ್ಟಲು ಸಿಗುವವರು ನಮ್ಮ ಸಭೆಯವರೇ ಆಗಿರುತ್ತಾರೆ ಎಂಬ ಖಾತರಿ ಇಲ್ಲ.

ಬೀದರ್‌ನ ಹುಡುಗಿ ಮೂರರಲ್ಲಿ ಎರಡು ವಿಷಯ ಪಾಸು ಮಾಡಿದ್ದಾಳೆ. ಗಣಿತ ಉಳಿದಿದೆ. ನರಸಿಂಹರಾಜಪುರದವಳು ಪ್ರತಿ ಭಾನುವಾರ ಸಂಜೆ ಹೇಳಿಕೊಡುತ್ತಾಳೆ. ಪ್ರಾರ್ಥನೆ ಈಗಲೂ ಕೆಲವು ದಿನ ಗೋಡೆಗೆ ಹೇಳಿದಂತೆ ಇರುತ್ತದಂತೆ. ‘ಆದ್ರ ಈಗ ಗೋಡಿ ಈ ಕಡಿ ನೀವೂ ಇದ್ದೀರಲ್ಲಕ್ಕಾ’ ಎನ್ನುತ್ತಾಳೆ.

ಬುಧವಾರದ ಕೊನೆಯ ಪ್ರಾರ್ಥನೆಯಲ್ಲಿ ಈಗಲೂ ಇಬ್ಬರು ಮೊದಲೇ ನಿಲ್ಲಿಸುತ್ತಾರೆ, ಐವರು ಮುಂದುವರಿಸುತ್ತೇವೆ. ಜೋರಾಗಿ ಅಲ್ಲ. ಆ ಇಬ್ಬರು ಕಣ್ಣು ತೆರೆಯುವುದಿಲ್ಲ, ಕೈ ಬಿಡುವುದಿಲ್ಲ, ಕಾಯುತ್ತಾರೆ. ನಮ್ಮ ಮಾತು ಮುಗಿದ ಮೇಲೆ ಏಳೂ ಮಂದಿ ಒಟ್ಟಿಗೆ ‘ಆಮೆನ್’ ಎನ್ನುತ್ತೇವೆ.

– ಬಿ.ಇ. (ಸಿವಿಲ್) ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ